ಲಿಂಗಭಾವವನ್ನು ಹೇಳುವ ಹೆಸರುಗಳು: ಅವುಗಳ ಬಿಗಿ ಮತ್ತು ಸಡಿಲಿನ ವಿಚಾರ

ಮನುಷ್ಯನು ತನ್ನನ್ನು ಹೆಣ್ಣೆಂದೋ ಗಂಡೆಂದೋ ಎರಡೂ ಅಲ್ಲವೆಂದೋ ಹೇಳಿಕೊಳ್ಳುವ ಮಾತುಗಳೂ, ತನ್ನ ಒಲವು ಯಾರ ಕಡೆಗೆ ಹರಿಯುವುದೆಂಬುದನ್ನು ಸೂಚಿಸುವ ಮಾತುಗಳೂ ಇಂದು ಬಹುಚರ್ಚೆಗೆ ವಿಷಯವಾಗಿವೆ. ಒಮ್ಮೆ ತೊಟ್ಟ ಹೆಸರು ಆಯುಷ್ಯವಿಡೀ ಉಳಿಯತಕ್ಕದ್ದೋ, ಅನುಭವ ಬೆಳೆದಂತೆ ಅದನ್ನು ಬದಲಾಯಿಸಿಕೊಳ್ಳಬಹುದೋ ಎಂಬುದೇ ಈ ಚರ್ಚೆಯ ತಿರುಳು. ಬದಲಾಗಬಲ್ಲದು ಎಂದೊಡನೆ ಒಂದು ಪಕ್ಷದವರು, ‘ಹಾಗಾದರೆ ಅದು ಸುಳ್ಳು’ ಎನ್ನುವರು. ಬದಲಾಗದು ಎಂದೊಡನೆ ಮತ್ತೊಂದು ಪಕ್ಷದವರು, ‘ಹಾಗಾದರೆ ಅದು ಸೆರೆಮನೆ’ ಎನ್ನುವರು. ಈ ಎರಡು ತೀರ್ಮಾನಗಳೂ ಹೆಸರಿಗೂ ಹೆಸರುಳ್ಳ ವಸ್ತುವಿಗೂ ಇರುವ ಸಂಬಂಧವನ್ನು ಸರಿಯಾಗಿ ಗ್ರಹಿಸದೆ ಮಾಡಿದವು ಎಂಬುದು ಪ್ರಕೃತ ಲೇಖನದ ವಾದ. ಈ ಪ್ರಶ್ನೆ ಪಶ್ಚಿಮದಿಂದ ನಿನ್ನೆ ಮೊನ್ನೆ ಬಂದದ್ದೆಂದು ಭಾವಿಸುವವರುಂಟು. ಆದರೆ ನಮ್ಮ ವೈಯಾಕರಣರೂ ಸಿದ್ಧಾಂತಕಾರರೂ ಕವಿಗಳೂ ಇದನ್ನು ಬೇರೆ ಬೇರೆ ಕಾರಣಗಳಿಂದ ಎದುರಿಸಿದ್ದಾರೆ. ಅವರ ಮಾತುಗಳನ್ನು ಇಂದಿನ ಕನ್ನಡ ಬರಹಗಳ ಪಕ್ಕದಲ್ಲಿಟ್ಟು ನೋಡುವುದು ಇಲ್ಲಿಯ ಉದ್ದೇಶ.

೧

ಮೊದಲು ವ್ಯಾಕರಣವನ್ನು ನೋಡೋಣ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ಮೂರು ಶಬ್ದಗಳು ಮೂರು ಲಿಂಗಗಳಲ್ಲಿವೆ: ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ. ವಸ್ತು ಒಂದೇ; ಲಿಂಗ ಮೂರು. ಹೀಗಿರಲು ಲಿಂಗವೆಂದರೇನು ಎಂಬ ಪ್ರಶ್ನೆಯನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಎತ್ತಿಕೊಂಡಿದ್ದಾನೆ. ದೇಹದ ಮೇಲಣ ಚಿಹ್ನೆಗಳೇ ಲಿಂಗವೆಂಬ ಲೋಕರೂಢಿಯ ಲಕ್ಷಣವನ್ನು ಅವನು ಮೊದಲು ಮುಂದಿಡುತ್ತಾನೆ. ಬಳಿಕ ಅದಕ್ಕೆ ಆಕ್ಷೇಪಗಳನ್ನು ತೋರಿಸುತ್ತಾನೆ. ಮಂಚಕ್ಕೂ ಮರಕ್ಕೂ ಅಂಥ ಚಿಹ್ನೆಗಳಿಲ್ಲದಿದ್ದರೂ ಆ ಶಬ್ದಗಳಿಗೆ ಲಿಂಗವಿದೆ ಎಂಬುದು ಒಂದು ಆಕ್ಷೇಪ. ಅದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು: ಚಿಹ್ನೆಯನ್ನೇ ನೆಚ್ಚಿದರೆ ಸ್ತ್ರೀವೇಷ ಧರಿಸಿ ರಂಗಕ್ಕೆ ಬರುವ ‘ಭ್ರೂಕುಂಸ’ನೆಂಬ ನಟನನ್ನು ಹೇಳುವ ಶಬ್ದಕ್ಕೂ ಸ್ತ್ರೀಪ್ರತ್ಯಯ ಹತ್ತಬೇಕಾಗುವುದು. ಕಣ್ಣಿಗೆ ಕಾಣುವ ಗುರುತಿನಿಂದ ಹೆಸರನ್ನು ನಿರ್ಣಯಿಸಹೊರಟರೆ ವ್ಯವಹಾರ ಕೆಡುತ್ತದೆಂಬುದನ್ನು ಕ್ರಿಸ್ತಪೂರ್ವ ಕಾಲದಲ್ಲಿಯೇ ಒಬ್ಬ ವೈಯಾಕರಣನು ಕಂಡಿದ್ದನೆಂಬುದು ಗಮನಾರ್ಹ.

ಕನ್ನಡದ ದಾರಿ ಬೇರೆ. ಸುಮಾರು ೧೨೬೦ರ ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಒಂಬತ್ತು ಲಿಂಗಗಳನ್ನು ಹೇಳುತ್ತಾನೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳ ಜೊತೆಗೆ ಎರಡೆರಡು ಲಿಂಗಗಳಲ್ಲಿ ನಡೆಯುವ ಶಬ್ದಗಳು, ಮೂರರಲ್ಲಿಯೂ ನಡೆಯುವ ಶಬ್ದಗಳು, ವಿಶೇಷ್ಯವನ್ನು ಅನುಸರಿಸಿ ಲಿಂಗ ಪಡೆಯುವ ಶಬ್ದಗಳು, ಲಿಂಗವೇ ಇಲ್ಲದ ಅವ್ಯಯಗಳು ಅವನ ಪಟ್ಟಿಯಲ್ಲಿವೆ. ಇದು ಶಬ್ದಗಳ ವಿಭಾಗವೇ ಹೊರತು ಮನುಷ್ಯರದಲ್ಲ. ಕೇಶಿರಾಜನು ಒಂಬತ್ತು ಬಗೆಯ ಜನರನ್ನು ಕಂಡನೆಂದು ಇದರಿಂದ ಸಾಧಿಸಹೊರಡುವುದು ಪಾಂಡಿತ್ಯವಲ್ಲ. ಆದರೂ ಮೂರೇ ಮನೆಗಳಿಂದ ಭಾಷೆಯ ಸಂಸಾರ ಸಾಗದೆಂದು ಅರಿತು, ಮನೆಗಳನ್ನು ಹೆಚ್ಚಿಸಿಕೊಳ್ಳಲು ಅವನು ಹಿಂಜರಿಯಲಿಲ್ಲವೆಂಬುದನ್ನು ಮನಸ್ಸಿನಲ್ಲಿಡಬೇಕು.

ಇಲ್ಲಿ ಇನ್ನೂ ಎರಡು ಸಂಗತಿಗಳನ್ನು ವಿವೇಚಿಸುವುದು ಅವಶ್ಯ. ಮೊದಲನೆಯದು, ಕನ್ನಡದ ಕ್ರಿಯಾಪದದ ಸ್ವಭಾವ. ಹಿಂದಿಯಲ್ಲಿ ‘ನಾನು ಹೋದೆ’ ಎನ್ನಬೇಕಾದರೆ ಮಾತಾಡುವಾತನು ಹೆಣ್ಣೋ ಗಂಡೋ ಎಂಬುದನ್ನು ಕ್ರಿಯಾಪದವೇ ಹೊರಗೆಡಹುತ್ತದೆ. ಕನ್ನಡದ ‘ಬಂದೆನು’, ‘ಬಂದೆ’ ಎಂಬ ಉತ್ತಮಪುರುಷದಲ್ಲಾಗಲಿ ‘ಬಂದೆಯಾ’ ಎಂಬ ಮಧ್ಯಮಪುರುಷದಲ್ಲಾಗಲಿ ಆ ಭೇದವಿಲ್ಲ. ಭೇದ ಹುಟ್ಟುವುದು ಪ್ರಥಮಪುರುಷದಲ್ಲಿ: ‘ಬಂದನು’, ‘ಬಂದಳು’, ‘ಬಂದಿತು’. ಎಂದರೆ, ಕನ್ನಡದ ಕ್ರಿಯಾಪದಕ್ಕೆ ಲಿಂಗವು ‘ನಾನು’ ಹೇಳುವ ಮಾತಲ್ಲ. ನನ್ನನ್ನು ಕುರಿತು ಇತರರು ಹೇಳುವ ಮಾತು. ‘ನಾನು ಬಡವ’, ‘ನಾನು ಬಡವಿ’ ಎಂಬಂಥ ನಾಮಪದಗಳು ಬಂದಾಗ ಈ ಸೌಕರ್ಯ ತಪ್ಪುವುದು ನಿಜ. ಗೌರವದ ‘ಅವರು’ ಎಂಬಲ್ಲಿ ಭೇದ ಮತ್ತೆ ಅಡಗುತ್ತದೆ. ಒಬ್ಬರ ಲಿಂಗಭಾವವನ್ನು ಅರಿಯದೆಯೇ ಅವರನ್ನು ಮರ್ಯಾದೆಯಿಂದ ಹೆಸರಿಸಲು ನಮ್ಮ ಭಾಷೆಯಲ್ಲಿ ಹೊಸದಾಗಿ ಏನನ್ನೂ ಟಂಕಿಸಬೇಕಾಗಿಲ್ಲ.

ಎರಡನೆಯದು, ‘ನಪುಂಸಕ’ ಎಂಬ ಶಬ್ದದ ಗತಿ. ಸಂಸ್ಕೃತದಲ್ಲಿ ಮಿತ್ರ, ಕಲತ್ರ ಮೊದಲಾದ ಮನುಷ್ಯವಾಚಕಗಳೂ ಆ ಲಿಂಗದಲ್ಲಿರುವುದರಿಂದ ಅಲ್ಲಿ ನಪುಂಸಕವೆಂದರೆ ಮನುಷ್ಯತ್ವಕ್ಕೆ ಹೊರಗಾದುದು ಎಂದಾಗದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದು. ಕೂಸು, ಮಗು ಮುಂತಾದ ಕೆಲವನ್ನು ಬಿಟ್ಟರೆ ನಪುಂಸಕವು ಪಶು, ಪಕ್ಷಿ, ಕಲ್ಲು, ಮರಗಳ ಲಿಂಗ. ಆದ್ದರಿಂದ ಒಬ್ಬ ಮನುಷ್ಯನಿಗೆ ಕನ್ನಡದಲ್ಲಿ ಈ ಹೆಸರಿಟ್ಟರೆ, ಅವನನ್ನು ‘ಅವನು’, ‘ಅವಳು’ಗಳಿಂದ ತೆಗೆದು ‘ಅದು’ ಎಂಬಲ್ಲಿಗೆ ತಳ್ಳಿದಂತಾಗುತ್ತದೆ. ಒಂದೇ ಶಬ್ದ ಒಂದು ಭಾಷೆಯಲ್ಲಿ ವರ್ಗಸೂಚಕ, ಮತ್ತೊಂದರಲ್ಲಿ ಅವಮಾನ. ಸಂಸ್ಕೃತದ ಅರ್ಥವನ್ನೇ ಎತ್ತಿ ಬರೆದಿಡುವ ಕೋಶಕಾರರು ಈ ವ್ಯತ್ಯಾಸವನ್ನು ಕಾಣದೆ ಹೋದರೆ ಅವಮಾನಕ್ಕೆ ಶಾಸ್ತ್ರದ ಮುದ್ರೆ ಬೀಳುತ್ತದೆ.

೨

ಶಬ್ದದಿಂದ ಮನುಷ್ಯನ ಕಡೆಗೆ ಬಂದರೆ, ಈ ವಿಷಯವನ್ನು ಅತ್ಯಂತ ಸೂಕ್ಷ್ಮವಾಗಿ ಬಿಡಿಸಿದವರು ಜೈನ ಸಿದ್ಧಾಂತಕಾರರು. ಅವರ ಪರಿಭಾಷೆಯಲ್ಲಿ ‘ವೇದ’ವೆಂದರೆ ಕಾಮಾನುಭವದ ಪ್ರವೃತ್ತಿ. ಅದು ಸ್ತ್ರೀವೇದ, ಪುಂವೇದ, ನಪುಂಸಕವೇದ ಎಂದು ಮೂರು ವಿಧ. ಒಂದೊಂದೂ ದ್ರವ್ಯ, ಭಾವ ಎಂದು ಎರಡು ನೆಲೆಗಳಲ್ಲಿರುವುದು. ದ್ರವ್ಯವು ದೇಹದ ರಚನೆ, ಭಾವವು ಅಂತರಂಗದ ಪರಿಣಾಮ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಗೊಮ್ಮಟಸಾರದಲ್ಲಿ, ಈ ಎರಡೂ ಪ್ರಾಯಶಃ ಹೊಂದಿಕೊಂಡಿರುವುವೆಂದೂ ಕೆಲವೆಡೆ ವಿಷಮವಾಗಿರುವುವೆಂದೂ ಸ್ಪಷ್ಟವಾಗಿ ಹೇಳಿದ್ದಾನೆ. ಮೂರು ವೇದಗಳ ತಾಪವನ್ನು ಹುಲ್ಲಿನ ಬೆಂಕಿಗೂ ಬೆರಣಿಯ ಬೆಂಕಿಗೂ ಇಟ್ಟಿಗೆಯ ಆವಿಗೆಯ ಬೆಂಕಿಗೂ ಹೋಲಿಸಿದ್ದಾನೆ. ೧೩೫೯ರಲ್ಲಿ ಕೇಶವವರ್ಣಿಯು ಈ ಗ್ರಂಥಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ರಚಿಸಿದನು. ದೇಹವೊಂದು ಬಗೆ, ಭಾವವೊಂದು ಬಗೆ ಆಗಿರಬಹುದೆಂಬ ವಿಚಾರ ಹೀಗೆ ಆರು ಶತಮಾನಗಳಿಗೂ ಹಿಂದೆಯೇ ಕನ್ನಡದಲ್ಲಿ ಬರೆಯಲ್ಪಟ್ಟಿತ್ತು.

ಆದರೆ ಇಷ್ಟರಿಂದಲೇ ಹಿಗ್ಗಬಾರದು. ಈ ದ್ರವ್ಯಭಾವವಿಭಾಗವನ್ನು ಯಾವ ಕಾರ್ಯಕ್ಕೆ ಬಳಸಿದರೆಂಬುದನ್ನೂ ವಿಮರ್ಶಕನು ನೋಡಬೇಕು. ಷಟ್ಖಂಡಾಗಮದಲ್ಲಿ ‘ಮನುಷ್ಯಿಣಿ’ಗೆ, ಎಂದರೆ ಮಾನವಸ್ತ್ರೀಗೆ, ಉನ್ನತ ಗುಣಸ್ಥಾನಗಳನ್ನು ಹೇಳುವ ಭಾಗವಿದೆ. ಸ್ತ್ರೀದೇಹದಿಂದ ಮೋಕ್ಷವಿಲ್ಲವೆಂಬುದು ದಿಗಂಬರ ಪಕ್ಷ. ಈ ವಿರೋಧವನ್ನು ಪರಿಹರಿಸಲು ೮೧೬ರಲ್ಲಿ ಮುಗಿದ ಧವಳಾಟೀಕೆಯಲ್ಲಿ ವೀರಸೇನನು ಭಾವಸ್ತ್ರೀ ಎಂಬ ಅರ್ಥವನ್ನು ಹಿಡಿದನು: ಅಲ್ಲಿ ಹೇಳಿದ ‘ಸ್ತ್ರೀ’ ಪುರುಷದೇಹದಲ್ಲಿದ್ದು ಸ್ತ್ರೀಭಾವವುಳ್ಳ ಜೀವ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನನು ಸ್ತ್ರೀನಿರ್ವಾಣಪ್ರಕರಣದಲ್ಲಿ ಇಂಥ ಅರ್ಥವನ್ನು ಒಪ್ಪದೆ, ಶಬ್ದಕ್ಕೆ ಮುಖ್ಯಾರ್ಥ ಸಲ್ಲುವಲ್ಲಿ ಗೌಣಾರ್ಥವನ್ನು ಹುಡುಕಬಾರದೆಂದೂ, ಸ್ತ್ರೀ ಎಂದರೆ ಸ್ತ್ರೀಯೇ ಎಂದೂ ವಾದಿಸಿದನು. ಧವಳೆಯ ತಾಳೆಗರಿಗಳು ಕನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದು ಬಂದವು. ೧೯೩೯ರಿಂದ ಅದು ಮುದ್ರಣಗೊಳ್ಳತೊಡಗಿದಾಗ, ಮನುಷ್ಯಿಣಿಯನ್ನು ಕುರಿತ ಒಂದು ಸೂತ್ರದಲ್ಲಿ ‘ಸಂಯತ’ ಎಂಬರ್ಥದ ಪದವೊಂದು ಇರಬೇಕೇ ಬೇಡವೇ ಎಂಬುದರ ಮೇಲೆ ವಿದ್ವಾಂಸರಲ್ಲಿ ತೀವ್ರವಾದ ವಾದ ನಡೆಯಿತು.

ಇಲ್ಲಿ ಕಾಣುವ ಪಾಠ ಎರಡಲಗಿನದು. ‘ಸ್ತ್ರೀ’ ಎಂಬ ಹೆಸರನ್ನು ಹಿಗ್ಗಿಸಿದವರು ವೀರಸೇನನ ಪಕ್ಷದವರು. ಬಿಗಿಯಾಗಿ ಹಿಡಿದವನು ಶಾಕಟಾಯನ. ಆದರೆ ಹಿಗ್ಗಿಸಿದ ಅರ್ಥದಿಂದ ಹೆಂಗಸರಿಗೆ ಬಾಗಿಲು ಮುಚ್ಚಿತು. ಬಿಗಿಯಾದ ಅರ್ಥದಿಂದ ತೆರೆಯಿತು. ಹೆಸರು ಸಡಿಲವಾದ ಮಾತ್ರಕ್ಕೆ ಅದು ಉದಾರವೆಂದಾಗಲಿ, ಬಿಗಿಯಾದ ಮಾತ್ರಕ್ಕೆ ಕ್ರೂರವೆಂದಾಗಲಿ ತಿಳಿಯಬಾರದು. ಯಾರ ಕೈಯಲ್ಲಿ, ಯಾರ ಹಿತಕ್ಕಾಗಿ ಅದು ಹಿಗ್ಗುತ್ತದೆ ಎಂಬುದೇ ಪ್ರಶ್ನೆ. ಈ ಒಂದು ಮಾತನ್ನು ಮುಂದೆ ಪ್ರತಿ ಹೆಜ್ಜೆಯಲ್ಲಿಯೂ ನೆನೆಯಬೇಕಾಗುವುದು.

೩

ಕಾವ್ಯದಲ್ಲಿ ಈ ಸಡಿಲು ಸಹಜವಾಗಿಯೇ ಇದೆ. ೯೪೧ರ ಆದಿಪುರಾಣದಲ್ಲಿ ಪಂಪನು ಹೇಳುವ ಭವಾವಳಿಯಲ್ಲಿ ಲಲಿತಾಂಗನ ನಲ್ಲೆ ಸ್ವಯಂಪ್ರಭೆಯು ಶ್ರೀಮತಿಯಾಗಿ ಹುಟ್ಟಿ ವಜ್ರಜಂಘನನ್ನು ಮದುವೆಯಾಗುತ್ತಾಳೆ. ಮುಂದಿನ ಒಂದು ಭವದಲ್ಲಿ ಅದೇ ಜೀವ ಸುವಿಧಿಯ ಮಗ ಕೇಶವನಾಗಿ ಹುಟ್ಟುತ್ತದೆ. ಹೆಂಡತಿಯಾಗಿದ್ದ ಜೀವ ಮಗನಾಗುತ್ತದೆ; ಲಿಂಗವೂ ಸಂಬಂಧದ ಹೆಸರೂ ಬದಲಾಗುತ್ತವೆ; ಬದಲಾಗದುದು ಒಲವಿನ ಬಂಧ ಒಂದೇ. ಕರ್ಮಸಿದ್ಧಾಂತದ ಚೌಕಟ್ಟಿನಲ್ಲಿ ಹೇಳಿದ ಮಾತಾದರೂ ಪ್ರೀತಿಯು ತನ್ನ ಹೆಸರಿಗಿಂತ ಹಿರಿದೆಂಬ ಅರಿವು ಅಲ್ಲಿದೆ.

ವಚನಕಾರರಲ್ಲಿ ಈ ಬದಲಾವಣೆ ಒಂದೇ ಜನ್ಮದಲ್ಲಿ, ಮಾತಿನಲ್ಲಿ ನಡೆಯುತ್ತದೆ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದ ಪುರುಷರು ತಮ್ಮನ್ನು ಸತಿಯಾಗಿ ಕಂಡುಕೊಂಡು ವಚನಗಳನ್ನು ರಚಿಸಿದರು. ಜೇಡರ ದಾಸಿಮಯ್ಯನು ದೇಹದ ಗುರುತುಗಳನ್ನು ಹೇಳಿ, ಆತ್ಮಕ್ಕೆ ಹೆಣ್ಣುಗಂಡೆಂಬ ಭೇದ ಸಲ್ಲದೆಂದನು. ಇತ್ತೀಚೆಗೆ ಕೆಲವರು ಇವರನ್ನೆಲ್ಲ ಇಂದಿನ ಗುರುತುಗಳ ಪೂರ್ವಜರೆಂದು ಕೊಂಡಾಡುವುದುಂಟು. ಇದರಲ್ಲಿ ಎಚ್ಚರ ಬೇಕು. ಸತೀಭಾವವು ಭಕ್ತನಿಗೂ ದೈವಕ್ಕೂ ಇರುವ ಸಂಬಂಧವನ್ನು ಹೇಳುವ ಭಾವ. ಸಮಾಜದಲ್ಲಿ ಆ ವಚನಕಾರರು ಪುರುಷರಾಗಿಯೇ ಬಾಳಿದರು. ಅವರಿಗೆ ಇಂದಿನ ಹೆಸರನ್ನು ಹಚ್ಚಿದರೆ ಅವರ ಅನುಭವಕ್ಕೂ ಅನ್ಯಾಯ, ಇಂದು ಆ ಹೆಸರಿನಿಂದ ಬಾಳುತ್ತ ಅದರ ಬೆಲೆಯನ್ನು ತೆರುವವರಿಗೂ ಅನ್ಯಾಯ. ಆದರೆ ‘ನಾನು’ ಎಂಬುದು ಒಂದೇ ಲಿಂಗದಲ್ಲಿ ನೆಲೆಗೊಳ್ಳಬೇಕಾದ್ದಿಲ್ಲವೆಂಬ ಸಾಧ್ಯತೆಯನ್ನು ಅವರು ಕನ್ನಡದ ನುಡಿಗೆ ಕೊಟ್ಟರೆನ್ನುವುದಕ್ಕೆ ಅಡ್ಡಿಯಿಲ್ಲ.

ಆ ಸಾಧ್ಯತೆಯನ್ನು ಇಂದು ಹೇಗೆ ಬಳಸಬಹುದೆಂಬುದಕ್ಕೆ ಮಂಜಮ್ಮ ಜೋಗತಿಯವರ ಆತ್ಮಕಥನ ಉತ್ತಮ ನಿದರ್ಶನ. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಈ ಕೃತಿಯ ಹೆಸರು ‘ನಡುವೆ ಸುಳಿವ ಹೆಣ್ಣು’. ದಾಸಿಮಯ್ಯನ ವಚನವನ್ನು ಬಲ್ಲವರಿಗೆ ಈ ಶೀರ್ಷಿಕೆಯ ಧ್ವನಿ ತಿಳಿಯದಿರದು. ಅಲ್ಲಿ ಆತ್ಮನಿಗೆ ಎರಡೂ ಇಲ್ಲವೆಂದದ್ದನ್ನು ಇಲ್ಲಿ ‘ಹೆಣ್ಣು’ ಎಂದು ಮುಗಿಸಿದೆ. ಭೇದವನ್ನು ಮೀರುವುದು ಆ ವಚನದ ಗುರಿ. ಭೇದದೊಳಗೆ ತನಗೆ ಸಲ್ಲುವ ಸ್ಥಾನವನ್ನು ಕೇಳುವುದು ಈ ಬರಹದ ಗುರಿ. ಲಿಂಗವನ್ನು ದಾಟಿದೆನೆಂದು ಹೇಳುವ ಸೌಭಾಗ್ಯ, ಲಿಂಗವನ್ನು ಯಾರೂ ಪ್ರಶ್ನಿಸದವನಿಗೆ ಮಾತ್ರ ಸುಲಭವಾಗಿ ದೊರೆಯತಕ್ಕದ್ದು ಎಂಬ ಸತ್ಯವನ್ನು ಈ ಒಂದು ಪದದ ಪಲ್ಲಟ ಹೊಳೆಯಿಸುತ್ತದೆ.

೪

ಜೋಗಪ್ಪ ಎಂಬ ಹೆಸರನ್ನೇ ಪರಿಶೀಲಿಸಬಹುದು. ಸವದತ್ತಿಯ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹಾಡಿ ಕುಣಿಯುವ ಇವರ ಹೆಸರಿನ ಕೊನೆಗೆ ಇರುವುದು ‘ಅಪ್ಪ’. ಉಡುಗೆ ಹೆಣ್ಣಿನದು, ಹೆಸರಿನ ಪ್ರತ್ಯಯ ಗಂಡಿನದು, ಕರೆಯುವಾಗ ಬಾಯಿಗೆ ಬರುವುದು ‘ಅಮ್ಮ’. ಈ ಹೆಸರು ದೇಹವನ್ನಾಗಲಿ ಒಲವನ್ನಾಗಲಿ ಮುಖ್ಯವಾಗಿ ಹೇಳುವುದಿಲ್ಲ. ದೇವಿಯೊಡನೆ ಇರುವ ಸಂಬಂಧವನ್ನು ಹೇಳುತ್ತದೆ. ಆದಕಾರಣ ಹಿಜಡಾ ಎಂಬುದಕ್ಕಾಗಲಿ ಟ್ರಾನ್ಸ್‌ಜೆಂಡರ್ ಎಂಬುದಕ್ಕಾಗಲಿ ಇದು ಪರ್ಯಾಯವಲ್ಲ. ಮಂಜಮ್ಮನವರು ‘ಜೋಗತಿ’ ಎಂಬ ಸ್ತ್ರೀರೂಪದಿಂದಲೇ ಪ್ರಸಿದ್ಧರಾದರು. ಆ ಹೆಸರಿನಲ್ಲಿಯೇ ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಯೂ ೨೦೨೧ರಲ್ಲಿ ಪದ್ಮಶ್ರೀಯೂ ಅವರಿಗೆ ಬಂದವು. ಪರಂಪರೆ ಕೊಟ್ಟ ಹೆಸರನ್ನು ಎಸೆಯದೆ ಅದರ ಪ್ರತ್ಯಯವನ್ನು ತನಗೆ ಒಪ್ಪುವಂತೆ ತಿದ್ದಿಕೊಳ್ಳುವ ಈ ಕ್ರಮ, ಶಬ್ದದ ಸಡಿಲು ಹೇಗೆ ಬಾಳಿಗೆ ಉಪಯುಕ್ತವಾಗಬಲ್ಲದೆಂಬುದಕ್ಕೆ ಸಾಕ್ಷಿ. ತಮಿಳಿನಿಂದ ದು. ಸರಸ್ವತಿಯವರು ಕನ್ನಡಕ್ಕೆ ತಂದ ಎ. ರೇವತಿಯವರ ‘ಬದುಕು ಬಯಲು’ ಕೃತಿಯನ್ನೂ ಇದರೊಡನೆ ಓದತಕ್ಕದ್ದು.

ಹೆಸರಿಲ್ಲದಿರುವುದೇ ಸ್ವಾತಂತ್ರ್ಯವೆಂದು ಹೇಳುವವರಿಗೆ ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ ಉತ್ತರವಿದೆ. ೨೦೧೩ರಲ್ಲಿ ಪ್ರಕಟವಾದ ಈ ಸಂಕಲನದ ‘ಕಗ್ಗಂಟು’ ಕಥೆಯಲ್ಲಿ ಮೋಹನಸ್ವಾಮಿಯೊಡನೆ ಬಾಳುತ್ತಿದ್ದ ಕಾರ್ತಿಕನು ಹೆಣ್ಣೊಬ್ಬಳನ್ನು ಮದುವೆಯಾಗಹೊರಡುತ್ತಾನೆ. ಕಾರ್ತಿಕನನ್ನು ಯಾವ ಹೆಸರಿನಿಂದ ಕರೆಯಬೇಕು? ‘ಗೇ’ ಎಂದರೆ ಅವನು ಒಪ್ಪಲಾರ. ಬೇರೆ ಹೆಸರನ್ನು ಅವನಿಗೆ ಹಚ್ಚಲು ನಮಗೆ ಆಧಾರವಿಲ್ಲ. ಹೆಸರಿಲ್ಲದಿರುವುದು ಅವನಿಗೆ ಹೊರಟುಹೋಗಲು ತೆರೆದಿಟ್ಟ ಬಾಗಿಲು. ಅದೇ ಹೆಸರಿಲ್ಲದಿರುವಿಕೆ ಮೋಹನಸ್ವಾಮಿಗೆ, ಕಳೆದುಕೊಂಡುದನ್ನು ಅಳಲೂ ಎಡೆಯಿಲ್ಲದ ಸ್ಥಿತಿ. ಲೋಕದ ಕಣ್ಣಿನಲ್ಲಿ ಅವನು ಏನನ್ನೂ ಕಳೆದುಕೊಂಡಿಲ್ಲ. ಕಾರ್ತಿಕನನ್ನು ಖಳನನ್ನಾಗಿ ಮಾಡದೆಯೂ ಈ ಅಸಮತೆಯನ್ನು ತೋರಿಸಿರುವುದು ಕಥೆಗಾರರ ಸಾಮರ್ಥ್ಯ. ನಿಲ್ಲಲು ನೆಲವಿದ್ದವನಿಗೆ ಹೆಸರು ಹೊರೆ. ಇಲ್ಲದವನಿಗೆ ಅದೇ ನೆಲ.

೫

ರಾಜ್ಯಾಡಳಿತದ ಕೈಗೆ ಬಂದಾಗ ಹೆಸರಿನ ಬಿಗಿ ಬೇರೆ ರೂಪ ತಾಳುತ್ತದೆ. ಕಲಬುರಗಿ, ರಾಯಚೂರು, ಬೀದರಗಳನ್ನು ಒಳಗೊಂಡಿದ್ದ ಹೈದರಾಬಾದು ಸಂಸ್ಥಾನದಲ್ಲಿ ೧೩೨೯ನೆಯ ಫಸಲಿಯಲ್ಲಿ, ಎಂದರೆ ೧೯೧೯ರ ಸುಮಾರಿಗೆ, ‘ಯೂನಕ್’ ಎಂಬ ಹೆಸರಿನಡಿ ಇಂಥವರನ್ನು ಪಟ್ಟಿಮಾಡಿ ನಿಯಂತ್ರಿಸುವ ಶಾಸನ ಹೊರಟಿತು. ತೆಲಂಗಾಣದಲ್ಲಿ ಉಳಿದುಬಂದಿದ್ದ ಅದನ್ನು ಅಲ್ಲಿನ ಉಚ್ಚ ನ್ಯಾಯಾಲಯವು ೨೦೨೩ರಲ್ಲಿ ಸಂವಿಧಾನಬಾಹಿರವೆಂದು ತೆಗೆದುಹಾಕಿತು. ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ ೨೦೧೧ರಲ್ಲಿ ಸೇರಿಸಿದ ಪ್ರಕರಣವೊಂದು ಅದೇ ಹೆಸರಿನಿಂದ ಅದೇ ಬಗೆಯ ದಾಖಲೆ ಇಡಲು ಅವಕಾಶ ಕೊಟ್ಟಿತ್ತು. ಇವುಗಳಲ್ಲಿ ಹೆಸರು ಕಾವಲಿನ ಸಾಧನ. ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗಭಾವವನ್ನು ತಾನೇ ಹೇಳುವ ಹಕ್ಕು ವ್ಯಕ್ತಿಗೆ ಉಂಟೆಂದೂ, ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸಲಾಗದೆಂದೂ ತೀರ್ಪಿತ್ತಿತು. ೨೦೧೯ರ ಅಧಿನಿಯಮವು ಆ ಹಕ್ಕನ್ನು ಮಾತಿನಲ್ಲಿ ಒಪ್ಪಿಕೊಂಡು, ಜಿಲ್ಲಾ ದಂಡಾಧಿಕಾರಿಯ ಪ್ರಮಾಣಪತ್ರವನ್ನು ವಿಧಿಸಿತು. ೨೦೨೧ರಲ್ಲಿ ಕರ್ನಾಟಕವು ಸರಕಾರಿ ನೇಮಕಾತಿಯಲ್ಲಿ ಶೇಕಡಾ ೧ರ ಮೀಸಲಾತಿಯನ್ನು ತಂದಿತು. ಮೀಸಲಾತಿಗೆ ಗೊತ್ತಾದ ಹೆಸರು ಬೇಕೆಂಬುದು ನಿಜ. ಆದರೆ ಸೌಲಭ್ಯಕ್ಕೆ ಬೇಕಾದ ಹೆಸರು ಬಾಳಿಗೆಲ್ಲ ಬೇಕಾದ ಹೆಸರಾಗಬೇಕಿಲ್ಲ. ಮನೆಯಲ್ಲಿ ಜೋಗತಿ, ಅರ್ಜಿಯಲ್ಲಿ ಟ್ರಾನ್ಸ್‌ಜೆಂಡರ್, ಗೆಳೆಯರಲ್ಲಿ ಬರಿಯ ಹೆಣ್ಣು ಎಂದಾಗುವಾತನನ್ನಾಗಲಿ ಆಕೆಯನ್ನಾಗಲಿ ಮೋಸಗಾರರೆಂದು ಕರೆಯಲು ಕಾರಣವಿಲ್ಲ.

ಉಳಿದಿರುವುದು ಮುಖ್ಯವಾದ ಆಕ್ಷೇಪ: ಹೆಸರು ಬದಲಾಗುವುದಾದರೆ ಒಲವನ್ನೂ ಬದಲಾಯಿಸಬಹುದಲ್ಲವೇ? ಮನೆಯವರು ಮಕ್ಕಳನ್ನು ಮದುವೆಗೆ ನೂಕುವಾಗಲೂ, ‘ಗುಣಪಡಿಸುವ’ವರ ಬಳಿಗೆ ಒಯ್ಯುವಾಗಲೂ ಆಡುವ ಮಾತಿದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ವಿಚಾರಾರ್ಹ. ಸುಮಾರು ೮೦ ಮಂದಿ ಹೆಂಗಸರನ್ನು ಹತ್ತು ವರ್ಷ ಗಮನಿಸಿದಾಗ, ಮೂರರಲ್ಲಿ ಎರಡು ಪಾಲಿನವರು ಒಮ್ಮೆಯಾದರೂ ತಮ್ಮ ಹೆಸರನ್ನು ಬದಲಾಯಿಸಿಕೊಂಡಿದ್ದರು. ಆದರೆ ಆ ಬದಲಾವಣೆ ಸಂಕಲ್ಪದಿಂದ ತಂದುಕೊಂಡದ್ದಲ್ಲವೆಂದೂ, ಹೊರಗಿನ ಒತ್ತಾಯಕ್ಕೆ ಅದು ಸಮರ್ಥನೆಯಾಗಲಾರದೆಂದೂ ಆ ಲೇಖಕಿಯೇ ಎಚ್ಚರಿಸಿದ್ದಾರೆ. ಹೊಳೆ ತಾನಾಗಿ ಪಾತ್ರ ಬದಲಿಸುವುದುಂಟು. ಅದರಿಂದ ಯಾರು ಬೇಕಾದರೂ ತಮಗೆ ಬೇಕಾದಲ್ಲಿಗೆ ಅದನ್ನು ತಿರುಗಿಸಬಹುದೆಂದು ಸಿದ್ಧಿಸುವುದಿಲ್ಲ. ೨೦೨೧ರ ಜೂನಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಒಲವನ್ನು ಬದಲಾಯಿಸುವ ಚಿಕಿತ್ಸೆಯ ಪ್ರಯತ್ನಗಳನ್ನು ನಿಷೇಧಿಸಲು ಆದೇಶವಿತ್ತಿತು. ಅದೇ ಮೊಕದ್ದಮೆಯ ಮುಂದುವರಿಕೆಯಾಗಿ ತಮಿಳುನಾಡು ಸರಕಾರ ೨೦೨೨ರಲ್ಲಿ ಈ ವಿಷಯದ ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ರಾಜ್ಯಪತ್ರದಲ್ಲಿ ಹೊರಡಿಸಿತು.

ಕನ್ನಡದಲ್ಲಿ ಅಂಥ ಪಟ್ಟಿಯನ್ನು ಮಾಡುವವರಿಗೆ ಮೇಲಿನ ವಿವೇಚನೆಯಿಂದ ಮೂರು ಸೂತ್ರಗಳು ದೊರೆಯಬಹುದು. ಮೊದಲನೆಯದಾಗಿ, ದೇಹ, ಭಾವ, ಒಲವು, ಸಾಮಾಜಿಕ ಸ್ಥಾನ ಇವು ಬೇರೆ ಬೇರೆ. ಜೋಗಪ್ಪ, ಹಿಜಡಾ, ಮಂಗಳಮುಖಿ, ಲೈಂಗಿಕ ಅಲ್ಪಸಂಖ್ಯಾತ ಎಂಬ ಮಾತುಗಳು ಇವುಗಳಲ್ಲಿ ಯಾವುದನ್ನು ಹೇಳುವುವೆಂದು ನೋಡದೆ ಒಂದಕ್ಕೊಂದನ್ನು ಪರ್ಯಾಯವಾಗಿ ಬರೆಯಬಾರದು. ಎರಡನೆಯದಾಗಿ, ಜನ ತಮಗೆ ತಾವೇ ಇಟ್ಟುಕೊಂಡ ಹೆಸರಿಗೂ ಇತರರು ಇಟ್ಟ ಹೆಸರಿಗೂ ಇರುವ ಅಂತರವನ್ನು ಕೋಶದಲ್ಲಿ ಗುರುತಿಸಬೇಕು. ಮೂರನೆಯದಾಗಿ, ಒಂದು ಹೆಸರಿನ ಅರ್ಥವನ್ನು ಹಿಗ್ಗಿಸುವ ಇಲ್ಲವೆ ಕುಗ್ಗಿಸುವ ಅಧಿಕಾರ ಮೊದಲು ಆ ಹೆಸರನ್ನು ಹೊತ್ತು ಬಾಳುವವರದು. ವೈಯಾಕರಣ, ವೈದ್ಯ, ಅಧಿಕಾರಿಗಳದು ಅದರ ಬಳಿಕ.

ವೀರಸೇನ ಶಾಕಟಾಯನರ ವಾದದಲ್ಲಿ ಪಕ್ಷ ಪ್ರತಿಪಕ್ಷಗಳೆರಡನ್ನೂ ಹಿಡಿದವರು ಪುರುಷರೇ. ‘ಸ್ತ್ರೀ’ ಎಂಬ ಪದಕ್ಕೆ ಅರ್ಥ ಹೇಳಲು ಯಾವ ಸ್ತ್ರೀಯನ್ನೂ ಅವರು ಕರೆಯಲಿಲ್ಲ. ಇಂದಿನ ಆತ್ಮಕಥನಗಳ ಬೆಲೆ ಇರುವುದು ಇಲ್ಲಿಯೇ. ಪ್ರಥಮಪುರುಷದಲ್ಲಿ ಇದುವರೆಗೆ ಹೇಳಲ್ಪಟ್ಟವರು ಅವುಗಳಲ್ಲಿ ಉತ್ತಮಪುರುಷದಲ್ಲಿ ಮಾತಾಡತೊಡಗಿದ್ದಾರೆ. ಕನ್ನಡದ ‘ನಾನು’ ಅವರಿಗೆ ಮೊದಲಿಂದಲೂ ತೆರೆದೇ ಇತ್ತು.